ಆಯುಧಪೂಜೆಯ ಮರುದಿನದ ಟೀವಿಗಳು

ಟೀವಿಯ ಬೆನ್ನು ಬಿಚ್ಚುವ ಮೊದಲೇ ಅದಕ್ಕೆ ಏನಾಗಿದೆ ಎಂದು ಹೇಳಬಲ್ಲವರನ್ನು ನಾನು ಬಹಳ ಜನ ಕಂಡಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ನನ್ನ ಮೇಲಧಿಕಾರಿಗಳು. ಉಳಿದವರು ಗಿರಾಕಿಗಳು. ಬಿಚ್ಚಿ ನೋಡಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುವವರು ನಮ್ಮ ಕಸುಬಿನಲ್ಲಿ ತೀರ ಕಡಿಮೆ, ಮತ್ತು ಅವರಿಗೆ ಮುಂದೆ ಬರಲು ಗೊತ್ತಿಲ್ಲ ಎಂಬ ಹೆಸರು ಬರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಇದನ್ನು ಮೊದಲು ತಿಳಿದಿರಲಿ.

ನಾನು ಎಂ.ಎಸ್ಸಿ. ಎಲೆಕ್ಟ್ರಾನಿಕ್ಸ್ ಓದಿದವನು. ಉಪನ್ಯಾಸಕನಾಗುವವರೆಗೆ ಇರಲಿ ಎಂದು ರಾಜಾಜಿನಗರದ ಒಂದು ಟೀವಿ ಸರ್ವೀಸ್ ಸೆಂಟರಿಗೆ ಸೇರಿದೆ. ಆ ‘ಇರಲಿ’ಯಲ್ಲೇ ನಿವೃತ್ತಿಯೂ ಆಯಿತು. ದಿನಚರಿ ಬರೆಯುವ ಚಟ ಕಾಲೇಜಿನಿಂದಲೂ ಇತ್ತು. ಈಗ ತೆರೆದು ನೋಡಿದರೆ ಅದರಲ್ಲಿ ಯಾವ ಹೋಟೆಲಿನ ಸಾಂಬಾರು ನೀರಾಗಿತ್ತು, ಮಾಗಡಿ ರಸ್ತೆಯನ್ನು ಎಲ್ಲಿ ಅಗೆದಿದ್ದರು ಎಂಬುದೇ ಹೆಚ್ಚು. ಮಿಕ್ಕಿದ್ದೆಲ್ಲ ನೆನಪು. ನನ್ನ ನೆನಪಿನಲ್ಲಿ ಎಲ್ಲ ವಾದಗಳಲ್ಲೂ ನಾನೇ ಗೆದ್ದಿದ್ದೇನೆ. ಅದನ್ನು ಅನುಮಾನಿಸಲು ಅಷ್ಟು ಸಾಕು. ಆದ್ದರಿಂದ ಇಲ್ಲಿ ಬರುವ ಮಾತುಗಳನ್ನು ಹೀಗೇ ಆಡಿದ್ದರು ಎಂದು ನಾನು ಆಣೆ ಮಾಡಲಾರೆ. ಟೀವಿಗಳಿಗೆ ಏನಾಗಿತ್ತು ಎಂಬುದನ್ನು ಮಾತ್ರ ಮಾಡಬಲ್ಲೆ.

ಡಬ್ಬಿ ಟೀವಿಗಳ ಕಾಲದಲ್ಲಿ ನಮ್ಮ ಪ್ರತಿಸ್ಪರ್ಧಿ ಮನೆ ಯಜಮಾನನ ಅಂಗೈ. ಚಿತ್ರ ಕುಣಿದರೆ ಆತ ಎದ್ದು ಬಂದು ಅದರ ತಲೆಗೆ ಒಂದು ಬಿಡುತ್ತಿದ್ದ. ಒಳಗೆ ಬಿಟ್ಟುಕೊಂಡಿದ್ದ ಬೆಸುಗೆ ಕ್ಷಣಕಾಲ ಕೂಡಿಕೊಂಡು ಚಿತ್ರ ನಿಲ್ಲುತ್ತಿತ್ತು. ಆತನಿಗೆ ತಾನು ಅರ್ಧ ಎಂಜಿನಿಯರ್ ಎನಿಸಿಬಿಡುತ್ತಿತ್ತು. ಎರಡು ಸಾವಿರದ ನಂತರದ ವರ್ಷಗಳಲ್ಲಿ ಗೋಡೆಗೆ ಅಂಟಿಕೊಳ್ಳುವ ಚಪ್ಪಟೆ ಟೀವಿಗಳು ಒಂದೊಂದಾಗಿ ಬಂದವು. ಟೀವಿ ಬದಲಾಯಿತು, ಅಂಗೈ ಬದಲಾಗಲಿಲ್ಲ. ಆರ್‌ಪಿಸಿ ಲೇಔಟಿನ ಒಬ್ಬರ ಮನೆಗೆ ಹೋದಾಗ ಪರದೆಯ ನಟ್ಟನಡುವೆ ಜೇಡರ ಬಲೆಯಂತೆ ಬಿರುಕು ಹರಡಿತ್ತು. ತನ್ನಷ್ಟಕ್ಕೆ ತಾನೇ ಬಿಟ್ಟಿತು ಎಂದು ಅವರು ಬಹಳ ಗಂಭೀರವಾಗಿ ಹೇಳಿದರು. ಅಡುಗೆಮನೆಯಿಂದ ಅವರ ಹೆಂಡತಿ, “ಹೌದು ಸಾರ್, ತನ್ನಷ್ಟಕ್ಕೆ ತಾನೇ. ಇವರ ಕೈ ಪಕ್ಕದಲ್ಲಿ ಇತ್ತು ಅಷ್ಟೇ” ಎಂದರು.

ಇನ್ನೊಬ್ಬರು ಬಸವೇಶ್ವರನಗರದವರು, ದೊಡ್ಡ ಹುದ್ದೆಯಿಂದ ನಿವೃತ್ತರಾಗಿದ್ದ ಅಧಿಕಾರಿ. ಅಗಲ ಪರದೆಯ ಟೀವಿ ತಂದಿದ್ದರು. ಆಗಿನ ಚಾನೆಲ್‌ಗಳೆಲ್ಲ ಇನ್ನೂ ಚೌಕ ಚಿತ್ರವನ್ನೇ ಬಿತ್ತರಿಸುತ್ತಿದ್ದರಿಂದ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಉಳಿಯುತ್ತಿತ್ತು. ಪೂರ್ತಿ ಪರದೆಗೆ ದುಡ್ಡು ಕೊಟ್ಟಿದ್ದೇನೆ, ಪೂರ್ತಿ ಚಿತ್ರ ಬರಬೇಕು, ಇದು ದೋಷವೇ ಸರಿ ಎಂದು ದೂರು ಕೊಟ್ಟರು. ವಿವರಿಸಿ ಸೋತು, ಚಿತ್ರವನ್ನು ಅಡ್ಡಕ್ಕೆ ಎಳೆದು ತುಂಬಿಸುವ ಗುಂಡಿ ತೋರಿಸಿ ಬಂದೆ. ಆ ವಾರವೇ ಮತ್ತೆ ದೂರು: ವಾರ್ತೆ ಓದುವ ಹುಡುಗಿಯರೆಲ್ಲ ದಪ್ಪಗಾಗಿದ್ದಾರೆ. ಕಪ್ಪು ಪಟ್ಟಿಯೂ ಇರಬಾರದು, ಹುಡುಗಿಯರೂ ತೆಳ್ಳಗಿರಬೇಕು ಎಂದರೆ ದೂರು ಕೊಡಬೇಕಾದದ್ದು ನಮ್ಮಲ್ಲಲ್ಲ ಎಂದು ಹೇಳಿದೆ. ಹೇಳಿದೆನೋ, ಮೆಟ್ಟಿಲಿಳಿಯುವಾಗ ಅಂದುಕೊಂಡೆನೋ, ಈಗ ಖಚಿತವಿಲ್ಲ. ಕೆಲಸ ಉಳಿದದ್ದನ್ನು ನೋಡಿದರೆ ಅಂದುಕೊಂಡಿದ್ದೇ ಇರಬೇಕು.

ಕಸುಬಿನ ವಿಷಯ ಹೇಳಿಬಿಡುತ್ತೇನೆ, ಅದೇನೂ ಮಂತ್ರವಿದ್ಯೆಯಲ್ಲ. ಚಿತ್ರ ಕೆಟ್ಟಿದ್ದರೆ ಮೊದಲು ಟೀವಿಯ ಸ್ವಂತ ಮೆನು ತೆರೆಯಿರಿ. ಗೆರೆಯೋ ಮಸುಕೋ ಮೆನುವಿನ ಮೇಲೂ ಇದ್ದರೆ ದೋಷ ಟೀವಿಯದು. ಮೆನು ಶುಭ್ರವಾಗಿದ್ದರೆ ಹೊರಗಿನ ಕೇಬಲ್‌ನದು. ಸದ್ದು ಬಂದು ಪರದೆ ಕಪ್ಪಗಿದ್ದರೆ ಕಿಟಕಿಯ ಪರದೆ ಎಳೆದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೂದಿಯೊಳಗಿನ ಕೆಂಡದ ಹಾಗೆ ಚಿತ್ರ ಮಸುಕಾಗಿ ಕಂಡರೆ ಪರದೆ ಬದುಕಿದೆ, ಅದರ ಹಿಂದಿನ ದೀಪ ಮಾತ್ರ ಸತ್ತಿದೆ. ಒಂದು ಕ್ಷಣ ಬೆಳಗಿ ಆರಿದರೂ ದೀಪದ ಕಡೆಗೇ ನೋಡಿ. ಅರ್ಧ ಪರದೆ ಚೆನ್ನಾಗಿದ್ದು ಅರ್ಧ ಕತ್ತಲಾದರೆ, ಆ ಅರ್ಧಕ್ಕೆ ಚಿತ್ರ ಒಯ್ಯುವ ಚಪ್ಪಟೆ ಪಟ್ಟಿಯನ್ನು ಮೊದಲು ಅನುಮಾನಿಸಿ. ಇಷ್ಟಕ್ಕೆ ಬೇಕಾದದ್ದು ಒಂದು ಟಾರ್ಚು ಮತ್ತು ಬಾಯಿ ಮುಚ್ಚಿಕೊಂಡಿರುವ ಶಕ್ತಿ. ಟಾರ್ಚು ಎಲ್ಲೆಡೆ ಸಿಗುತ್ತದೆ.

ನಮ್ಮ ಮ್ಯಾನೇಜರ್ ಶ್ರೀನಿಧಿಗೆ ಟಾರ್ಚೂ ಬೇಕಿರಲಿಲ್ಲ. ಆತ ಅದಕ್ಕೆ ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದವನು. ಗಿರಾಕಿ ಫೋನಿನಲ್ಲಿ ಎರಡು ವಾಕ್ಯ ಮುಗಿಸುವಷ್ಟರಲ್ಲಿ ‘ಪ್ಯಾನೆಲ್ ಹೋಗಿದೆ’ ಎಂದುಬಿಡುತ್ತಿದ್ದ. ಪ್ಯಾನೆಲ್ ಎಂದರೆ ಪರದೆ. ಅದು ಹೋಯಿತೆಂದರೆ ಟೀವಿಯೇ ಹೋದ ಹಾಗೆ, ಹೊಸದನ್ನು ಕೊಳ್ಳುವುದೇ ಲೇಸು. ಹೊಸದನ್ನು ಎಲ್ಲಿ ಕೊಳ್ಳಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಿದ್ದ. ನೋಡದೆ ಹೇಗೆ ಹೇಳುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, “ಎಕ್ಸ್‌ಪೀರಿಯೆನ್ಸ್ ಸಾರ್” ಎಂದ. ನನಗಿಂತ ಹದಿನೈದು ವರ್ಷ ಚಿಕ್ಕವನು.

ಉತ್ತರ ಭಾರತದಿಂದ ಒಬ್ಬ ತರಬೇತುದಾರನೂ ಬಂದಿದ್ದ. ಟೀವಿಯೊಳಗೆ ದ್ರವ ಹೋಗುವ ಸಂದರ್ಭಗಳು ಎಂದು ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟ: ಕಾಫಿ, ತಂಪು ಪಾನೀಯ, ಸಾಕುನಾಯಿ. ಆಯುಧಪೂಜೆಯನ್ನೂ ಸೇರಿಸಿ ಎಂದೆ. ಅದೇನೆಂದು ಕೇಳಿದ. ನಮ್ಮ ಕಡೆ ಆ ದಿನ ಕತ್ತಿ, ಕೊಡಲಿಗಿಂತ ಹೆಚ್ಚಾಗಿ ಸ್ಕೂಟರ್, ಮಿಕ್ಸಿ, ಬೋರ್‌ವೆಲ್ ಸ್ವಿಚ್ಚು, ಟೀವಿ ಇವುಗಳಿಗೆ ಪೂಜೆ. ಕುಂಕುಮ ಹಚ್ಚಿ, ನೀರು ಚಿಮುಕಿಸಿ, ಹೂವಿನ ಹಾರ ಹಾಕುತ್ತಾರೆ. ಮರುದಿನದಿಂದ ನಮ್ಮ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ ಎಂದು ವಿವರಿಸಿದೆ. ಆತ ನಕ್ಕು ಮುಂದಿನ ಚಿತ್ರಕ್ಕೆ ಹೋದ. ಶ್ರೀನಿಧಿಯೂ ನಕ್ಕ. ನಮ್ಮ ಸೆಂಟರಿನ ಕಂಪ್ಯೂಟರಿಗೂ ಪ್ರತಿ ವರ್ಷ ಹಾರ ಹಾಕುತ್ತಿದ್ದವನು ಅವನೇ.

ಈಗ ಲಗ್ಗೆರೆಯ ಮನೆಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ ಎಂದು ಈಗ ಅನ್ನಿಸುತ್ತಿದೆ.

ಮನೆ ಯಜಮಾನ ಗಂಗಣ್ಣ. ಹಳೆಯ ಊರಿನ ಒಕ್ಕಲು ಮನೆತನ. ಇದ್ದ ಹೊಲ ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳಾಗಿ, ಆ ಮನೆಗಳಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಗದಗ, ಹಾವೇರಿ ಕಡೆಯ ಜನ ತುಂಬಿಕೊಂಡಿದ್ದರು. ಹೆಂಡತಿ ಗೌರಮ್ಮ, ಒಬ್ಬನೇ ಮಗ ಮಂಜು. ಈ ಮಂಜು ಅದೇ ವಠಾರದಲ್ಲಿ ಅಣ್ಣನ ಜೊತೆ ಬಾಡಿಗೆಗಿದ್ದ ಗದಗ ಕಡೆಯ ಸುವರ್ಣಾ ಎಂಬ ಹುಡುಗಿಯನ್ನು ಪ್ರೀತಿಸಿ ಮದುವೆಯಾಗಿದ್ದ. ಮದುವೆಯಾದ ಮೇಲೆ ಅಣ್ಣ ಸುಂಕದಕಟ್ಟೆಯ ಕಡೆ ಬೇರೆ ಕೋಣೆ ಹಿಡಿದ. ತಂಗಿ ಕೆಳಗಿನ ಬಾಡಿಗೆ ಮನೆಯಿಂದ ಮೇಲಿನ ಯಜಮಾನರ ಮನೆಗೆ ಮೆಟ್ಟಿಲು ಹತ್ತಿದಳು. ಗೌರಮ್ಮನ ಲೆಕ್ಕದಲ್ಲಿ ಅವಳು ಇನ್ನೂ ಹತ್ತಿರಲಿಲ್ಲ. ಇದನ್ನೆಲ್ಲ ನನಗೆ ಯಾರೂ ಕೂತು ಹೇಳಲಿಲ್ಲ. ಟೀವಿ ಬಿಚ್ಚುವವನ ಮುಂದೆ ಜನ, ಗೋಡೆಯ ಮುಂದೆ ಆಡುವ ಹಾಗೆ ಆಡುತ್ತಾರೆ.

ಆಯುಧಪೂಜೆಯ ಸಂಜೆ ಅವರ ನಲವತ್ತೆರಡು ಇಂಚಿನ ಟೀವಿಯ ಎಡಗಡೆ ಅರ್ಧ ಕತ್ತಲಾಯಿತು. ಮರುದಿನ ಫೋನ್ ಮಾಡಿದಾಗ ತೆಗೆದುಕೊಂಡವನು ಶ್ರೀನಿಧಿ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೀರಾ ಎಂದು ಕೇಳಿದ್ದಾನೆ. ದಿನಾ ಸೊಸೆ ಒರೆಸುತ್ತಾಳೆ ಎಂದಿದ್ದಾರೆ ಗೌರಮ್ಮ. ಹಾಗಾದರೆ ಅದೇ, ಪ್ಯಾನೆಲ್ ಹೋಗಿದೆ, ವಾರಂಟಿಯೂ ಇಲ್ಲ ಎಂದಿದ್ದಾನೆ. ಅಲ್ಲಿಗೆ ತೀರ್ಪಾಯಿತು. ನಾನು ಆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಾತು ಬೆಳೆದು, ಬಂದು ನಿನ್ನ ತಂಗಿಯನ್ನು ಕರೆದುಕೊಂಡು ಹೋಗು, ಮನೆ ಸಾಮಾನು ಮುಟ್ಟುವುದು ಕಲಿಸಿ ಕಳಿಸು ಎಂದು ಗಂಗಣ್ಣ ಸುಂಕದಕಟ್ಟೆಗೆ ಫೋನ್ ಮಾಡಿಯಾಗಿತ್ತು. ಅಣ್ಣ ಮಧ್ಯಾಹ್ನದ ಹೊತ್ತಿಗೆ ಬರುವವನಿದ್ದ. ಬಾಗಿಲ ಪಕ್ಕದಲ್ಲೇ ಒಂದು ಬ್ಯಾಗು ಕೂತಿತ್ತು. ಒಂದು ಟೀವಿಯ ಅರ್ಧ ಕತ್ತಲೆಯಿಂದ ಒಬ್ಬ ಹೆಂಗಸು ಮನೆಯಿಂದ ಹೊರಗೆ ಹೋಗುವವಳಿದ್ದಳು, ಅದೂ ರಾಜಾಜಿನಗರದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಒಬ್ಬನ ಎಕ್ಸ್‌ಪೀರಿಯೆನ್ಸಿನಿಂದ.

“ನಿಮ್ಮೋರೇ ಹೇಳವ್ರೆ ಸಾರ್, ಒದ್ದೆ ಬಟ್ಟೆ ಅಂತ,” ಎಂದರು ಗಂಗಣ್ಣ. “ನೀವು ಸುಮ್ನೆ ನೋಡಿ, ಅದೇ ಅಂತ ಒಂದ್ ಮಾತು ಹೇಳ್ಬುಡಿ. ಇವಳ ಅಣ್ಣನ ಮುಂದೆ ಹೇಳ್ಬೇಕು.”

ನಾನು ಮೆನು ತೆರೆದೆ. ಕತ್ತಲೆ ಮೆನುವನ್ನೂ ಅರ್ಧ ನುಂಗಿತ್ತು. ದೋಷ ಟೀವಿಯದೇ. ಗಡಿ ಗೆರೆ ಎಳೆದ ಹಾಗೆ ನೇರವಾಗಿತ್ತು, ಬಲಗಡೆ ಅರ್ಧ ಸ್ವಚ್ಛ. ಒರೆಸಿದ ನೀರು ಕೆಳ ಅಂಚಿಗೆ ಇಳಿದು ಕೆಡಿಸಿದರೆ ಹೀಗೆ ಅಚ್ಚುಕಟ್ಟಾಗಿ ಅರ್ಧ ಹೋಗುವುದಿಲ್ಲ. ಮೂಲೆಯಲ್ಲಿ ಮಸಿ ಚೆಲ್ಲಿದ ಹಾಗೆ ಆಗುತ್ತದೆ, ಗೆರೆಗಳು ಏಳುತ್ತವೆ. ಆಗಲೂ ನಾನು ಏನೂ ಹೇಳಲಿಲ್ಲ. ಟೀವಿಯನ್ನು ಗೋಡೆಯಿಂದ ಇಳಿಸಲು ಮಂಜುವನ್ನು ಕರೆದೆ. ಆತ ಟೀವಿಯನ್ನು ಹಿಡಿದುಕೊಂಡದ್ದು ನೋಡಿದರೆ ಆ ಜಗಳದಲ್ಲಿ ಅದೇ ಅವನ ಪಕ್ಷ ಎನ್ನುವಂತಿತ್ತು.

ಗೌರಮ್ಮನ ಮಾತು ಅಷ್ಟು ಹೊತ್ತೂ ನಡೆದೇ ಇತ್ತು.

“ದಿನಾ ವರ್ಸ್ತಾಳೆ ಸಾರ್. ಕೆಳಗಿನ್ ಮನೇಲಿ ಇಂಥಾ ಟೀವಿ ಇದ್ದಿದ್ರೆ ತಾನೆ ಗೊತ್ತಾಗೋದು, ಹೆಂಗ್ ಮುಟ್ಬೇಕು ಅಂತ.”

ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗೌರಮ್ಮನ ಕಡೆ ನೋಡದೆ ನನಗೆ ಹೇಳಿದಳು: “ಒಣ ಅರಬೀಲೆ ಒರಸ್ತೀನ್ರಿ. ನೀರು ಹಚ್ಚೂದಿಲ್ಲ. ಹಬ್ಬದ ದಿನ ಅಂತೂ ಮುಟ್ಟೇ ಇಲ್ಲ. ಮುಟ್ಟಬ್ಯಾಡ ಅಂದಿದ್ರು.”

ಅದು ನಿಜವೆಂದು ಮಂಜು ಗೊಣಗಿದ. ಆ ಮನೆಯಲ್ಲಿ ಆಯುಧಪೂಜೆ ಗಂಡಸರ ಕೆಲಸ. ಹೆಂಗಸರು ಹೂ, ನೀರು ತಂದಿಟ್ಟು ಹಿಂದೆ ಸರಿಯಬೇಕು. ಎಲ್ಲಕ್ಕೂ ಅಪ್ಪನೇ ಪೂಜೆ ಮಾಡಿದ್ದು ಎಂದ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಬೆನ್ನು ಬಿಚ್ಚಿದೆ. ಮೇಲಂಚಿನ ಗಾಳಿಕಿಂಡಿಗಳಲ್ಲಿ ಸೇವಂತಿಗೆಯ ಎಸಳುಗಳು ಸಿಕ್ಕಿಕೊಂಡಿದ್ದವು. ಅಲ್ಲಿಂದ ಕೆಳಗೆ ಕೆಂಪಗೆ ಒಂದು ಜಾಡು ಇಳಿದಿತ್ತು, ಕುಂಕುಮ ಕಲೆಸಿದ ನೀರಿನದು. ಆ ಮಾದರಿಯಲ್ಲಿ ಚಿತ್ರ ಒಯ್ಯುವ ಪಟ್ಟಿಗಳು ಮೇಲಂಚಿನಲ್ಲೇ ಇದ್ದವು, ಎಡಕ್ಕೊಂದು, ಬಲಕ್ಕೊಂದು. ಜಾಡು ಎಡಗಡೆ ಪಟ್ಟಿಯ ತುದಿಯಲ್ಲಿ ಬಂದು ನಿಂತಿತ್ತು. ಕೆಳ ಅಂಚು ಒಣಗಿ, ಧೂಳು ಕೂಡ ಅಲುಗದೆ ಕೂತಿತ್ತು. ತಲೆಯೆತ್ತಿ ನೋಡಿದೆ. ಟೀವಿ ಇದ್ದ ಜಾಗದ ಮೇಲೆ, ಸ್ವಲ್ಪ ಎಡಕ್ಕೆ, ಒಂದು ಮೊಳೆ. ಅದರಲ್ಲಿ ಹಾರ ಕಟ್ಟಿದ ಬಾಳೆನಾರು ಇನ್ನೂ ತೂಗುತ್ತಿತ್ತು.

ಅಷ್ಟರಲ್ಲಿ ಶ್ರೀನಿಧಿಯ ಫೋನು. ಬಿಚ್ಚಿ ಟೈಮ್ ವೇಸ್ಟ್ ಮಾಡಬೇಡಿ, ಪ್ಯಾನೆಲ್ ಅಂತ ಹೇಳಿ, ಹಬ್ಬದ ಎಕ್ಸ್‌ಚೇಂಜ್ ಆಫರ್ ಇದೆ ಅಂತ ಹೇಳಿ ಬನ್ನಿ ಎಂದ. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಆ ಹುಡುಗಿಗಾಗಿ ಹಾಗೆ ಮಾಡಿದೆನೋ, ಶ್ರೀನಿಧಿಯನ್ನು ಒಮ್ಮೆ ಸುಳ್ಳಾಗಿಸುವ ಆಸೆಗೋ, ಬಹಳ ಸಲ ಕೇಳಿಕೊಂಡಿದ್ದೇನೆ. ಮರ್ಯಾದೆಯ ಉತ್ತರ ಮೊದಲನೆಯದು. ನಿಜವಾದದ್ದು ಎರಡನೆಯದಿರಬಹುದು.

ಗಂಗಣ್ಣನನ್ನು ಹತ್ತಿರ ಕರೆದು ಟಾರ್ಚು ಬಿಟ್ಟು ಜಾಡನ್ನು ತೋರಿಸಿದೆ. ನೀರು ಮೇಲಿನಿಂದ ಬಂದಿದೆ. ಒರೆಸಿದ ನೀರು ಕೆಳಗೆ ಇಳಿಯುತ್ತದೆಯೇ ಹೊರತು ಮೇಲಕ್ಕೆ ಹತ್ತುವುದಿಲ್ಲ. ಇದರಲ್ಲಿ ಬಟ್ಟೆಯ ಪಾತ್ರವೇ ಇಲ್ಲ ಎಂದೆ. “ಆ ಮೊಳೆಗೆ ಏನು ಹಾಕಿದ್ರಿ?”

ಎಲ್ಲರೂ ಮೊಳೆಯನ್ನು ನೋಡಿದರು. ಒಬ್ಬರೂ ಗಂಗಣ್ಣನನ್ನು ನೋಡಲಿಲ್ಲ.

ಗೌರಮ್ಮ ಮೊದಲು ಚೇತರಿಸಿಕೊಂಡರು. ಹಾರ ಅಂತ ಹಾಕಿದ್ದು ನಿಜ, ಬಾಡದೆ ಇರಲಿ ಅಂತ ಬಕೆಟ್ಟಿನಲ್ಲಿ ಅದ್ದಿ ತಂದದ್ದೂ ನಿಜ, ಆದರೆ ಎಲ್ಲರೂ ಹಾಕುತ್ತಾರೆ, ಎಲ್ಲರ ಟೀವಿ ಕೆಟ್ಟಿದೆಯಾ ಎಂದರು. ಕೆಟ್ಟಿದೆ, ಇನ್ನೂ ಮೂರು ಮನೆಗೆ ಹೋಗಬೇಕು ಎಂದೆ. ಗಂಗಣ್ಣ ಬಗ್ಗಿ ಟೀವಿಯ ಹೊಟ್ಟೆಯನ್ನು ನೋಡಿದರು.

“ಅದು ಪೂಜೆ ನೀರು ಸಾರ್. ದೇವ್ರಿಗ್ ಮಾಡಿದ್ದು. ಅದನ್ನ ತಪ್ಪು ಅನ್ನಕ್ ಆಯ್ತದಾ?”

“ದೃಷ್ಟಿ ಬುಡಿ,” ಎಂದರು ಗೌರಮ್ಮ. “ನಲ್ವತ್ತೆರಡ್ ಇಂಚು ಅಂತ ಬೀದಿಗೆಲ್ಲಾ ಹೇಳ್ಕೊಂಡ್ ಬಂದಿದ್ರಲ್ಲಾ.”

ಎಷ್ಟು ಸಲೀಸು ನೋಡಿ. ಸೊಸೆ ಮಾಡಿದಳು ಎಂದಾಗ ಅದು ತಪ್ಪಾಗಿತ್ತು, ಅಣ್ಣನನ್ನು ಕರೆಸುವಷ್ಟು ದೊಡ್ಡ ತಪ್ಪು. ಯಜಮಾನರು ಮಾಡಿದರು ಎಂದು ಗೊತ್ತಾದ ಕೂಡಲೇ ಅದು ದೇವರದಾಯಿತು, ಬೀದಿಯ ಕಣ್ಣಿನದಾಯಿತು. ಪರದೆಯ ದೋಷಗಳನ್ನು ಪತ್ತೆಹಚ್ಚುವುದನ್ನು ನಾನು ಕಲಿತೆ. ಇದಕ್ಕೆ ಯಾವ ಟಾರ್ಚೂ ಇರಲಿಲ್ಲ.

ಪಟ್ಟಿಯನ್ನು ಬಿಡಿಸಿ ಸ್ಪಿರಿಟ್ಟಿನಲ್ಲಿ ತೊಳೆದೆ. ಒಣಗಿಸಲು ಬಿಸಿ ಗಾಳಿ ಬೇಕಿತ್ತು. ಕೂದಲು ಒಣಗಿಸುವ ಯಂತ್ರ ಇದೆಯೇ ಎಂದು ಕೇಳಿದೆ. ಇದ್ದದ್ದು ಸುವರ್ಣಾಳ ಬಳಿ ಮಾತ್ರ, ಮದುವೆಗೆ ಮುಂಚೆ ಗಾರ್ಮೆಂಟ್ಸ್ ಸಂಬಳದಲ್ಲಿ ಕೊಂಡದ್ದು. ಆ ಮನೆಯಲ್ಲಿ ಅದು ದಿನನಿತ್ಯದ ತಮಾಷೆಯ ವಸ್ತು ಎಂದು ಗೌರಮ್ಮನ ಮುಖದಿಂದಲೇ ತಿಳಿಯಿತು. ಬಾಗಿಲ ಬಳಿ ಕಟ್ಟಿಟ್ಟಿದ್ದ ಬ್ಯಾಗಿನಿಂದ ಅವಳು ಅದನ್ನು ತೆಗೆದು ಕೊಟ್ಟಳು. ಅದೇ ಗಾಳಿಯಲ್ಲಿ ಒಣಗಿಸಿ, ಜೋಡಿಸಿ, ಗುಂಡಿ ಒತ್ತಿದೆ. ಪರದೆ ಪೂರ್ತಿ ಬೆಳಗಿತು. ಪ್ಯಾನೆಲ್ ಹೋಗಿರಲಿಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ.

ಮಂಜುವಿನ ಮುಖ ಟೀವಿಗಿಂತ ಮೊದಲು ಬೆಳಗಿತು. “ಸರಿ ಹೋಯ್ತಲ್ಲ. ನಿಮ್ ಅಣ್ಣಂಗೆ ಬರೋದ್ ಬೇಡ ಅಂತ ಫೋನ್ ಮಾಡ್ಬುಡು” ಎಂದ. ಗೌರಮ್ಮ ಟೀ ಇಡುತ್ತೇನೆಂದು ಒಳಗೆ ಹೋದರು. ಗಂಗಣ್ಣ ರಿಮೋಟು ಹಿಡಿದು ಕೂತರು. ಸುವರ್ಣಾಳಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಟೀವಿ ಸರಿಹೋದದ್ದೇ ಆ ಮಾತು ಎಂದು ಎಲ್ಲರೂ ತಿಳಿದಂತಿತ್ತು.

ನಾನು ಉಪಕರಣಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅವಳು ಹೇರ್ ಡ್ರೈಯರಿನ ವೈರು ಸುತ್ತಿ ಮತ್ತೆ ಬ್ಯಾಗಿಗೆ ಹಾಕಿದಳು. ಆಮೇಲೆ ಅಲ್ಲೇ ನಿಂತು ಫೋನ್ ಮಾಡಿದಳು.

“ಅಣ್ಣಾ, ಟೀವಿ ಚಲೋ ಆತು.” ಸ್ವಲ್ಪ ಹೊತ್ತು ಅತ್ತಲಿನ ಮಾತು ಕೇಳಿಸಿಕೊಂಡಳು. “ಇಲ್ಲ, ನೀ ಬಾ. ಬ್ಯಾಗ್ ಕಟ್ಟೇ ಇಟ್ಟೀನಿ.”

ಗಂಗಣ್ಣ ವಾರ್ತೆಯ ಸದ್ದು ಹೆಚ್ಚಿಸಿದರು. ಅಣ್ಣ ಬರುವ ಮೊದಲೇ ನಾನು ಟೀ ಕುಡಿಯದೆ ಹೊರಟೆ. ಅಂದಿನ ದಿನಚರಿಯಲ್ಲಿ ಲಗ್ಗೆರೆ, ಎಡ ಅರ್ಧ, ಹಾರದ ನೀರು, ತೊಳೆದೆ, ಸರಿ ಎಂದಿದೆ. ಆಮೇಲೆ ಮಳೆ ಬಂದದ್ದನ್ನು ಎರಡು ಸಾಲು ಬರೆದಿದ್ದೇನೆ. ಅವಳ ಫೋನಿನ ಮಾತು ಅದರಲ್ಲಿಲ್ಲ. ಕೇಳಿದ್ದನ್ನೇ ನೆನಪಿಟ್ಟಿದ್ದೆನೋ, ಕೇಳಬೇಕೆಂದಿದ್ದದ್ದನ್ನೋ, ಆ ಅನುಮಾನ ನನಗೆ ವರ್ಷವಿಡೀ ಇತ್ತು.

ಮುಂದಿನ ವರ್ಷ ಆಯುಧಪೂಜೆ ಕಳೆದು ಅದೇ ಮನೆಯಿಂದ ಫೋನು ಬಂತು. ಪ್ಯಾನೆಲ್ ಹೋಗಿದೆ ಎಂದ ಶ್ರೀನಿಧಿ. ಹೋದೆ. ಎಡಗಡೆ ಅರ್ಧ ಕತ್ತಲು. ಹೋದ ವರ್ಷದ ಪಾಠವನ್ನು ಗಂಗಣ್ಣ ಮರೆತಿರಲಿಲ್ಲ: ಟೀವಿಯ ತಲೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದೇ ಮೊಳೆಗೆ ಅದೇ ಗಾತ್ರದ ಒದ್ದೆ ಹಾರ ಹಾಕಿದ್ದರು. ನೀರು ಹಾಳೆಯ ಮಡಿಕೆಯಲ್ಲಿ ನಿಂತು, ತುಂಬಿ, ಒಟ್ಟಿಗೇ ಒಳಗೆ ಸುರಿದಿತ್ತು.

ಹಾರದ ಮಾತು ನಾನು ಎತ್ತುವ ಮೊದಲೇ ಗೌರಮ್ಮ ಹೇಳಿದರು: “ಈ ಸಲ ಕೇಬಲ್‌ನೋನು ಸಾರ್. ಹಬ್ಬದ ಹಿಂದಿನ್ ದಿನ ಬಂದು ವೈರೆಲ್ಲಾ ಮುಟ್ಟೋದ.”

ಸೊಸೆ ಕಾಣಲಿಲ್ಲ. ನಾನು ಕೇಳಲೂ ಇಲ್ಲ. ಪಟ್ಟಿಯನ್ನು ತೊಳೆದು, ಒಣಗಿಸಲು ಕಳೆದ ಸಲದ ಹೇರ್ ಡ್ರೈಯರನ್ನು ತರಲು ಮಂಜುವಿಗೆ ಹೇಳಿದೆ. ಆತ ಅಭ್ಯಾಸದಿಂದ ಎಂಬಂತೆ ಎದ್ದು ಕೋಣೆಗೆ ಹೋದ. ಬೀರುವಿನ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತ.

“ಅದೂ ತಗೊಂಡ್ ಹೋಗವ್ಳೆ ಸಾರ್.”

ಹಾಗಾದರೆ ಫ್ಯಾನ್ ಹಾಕಿ, ತಾನಾಗಿ ಒಣಗಲಿ ಎಂದೆ. ಬೆನ್ನು ಬಿಚ್ಚಿದ ಟೀವಿಯ ಮುಂದೆ ಎಲ್ಲರೂ ಕೂತು ಕಾದೆವು.